ಗುಡ್ಡಣ್ಣನ ಕಾರಿನ ಓವರ್‌ಡ್ರೈವ್ ಗುಂಡಿ

ಕುಂದಾಪುರದ ಪಕ್ಕದ ನಮ್ಮ ಕೋಡಿಯಲ್ಲಿ ಈಗ ಬಹಳ ಮನೆಗಳಿಗೆ ಗಾಡಿ ಬಂದಿದೆ. ಗಾಡಿ ಬಂದ ದಿನ ಕಾಯಿ ಒಡೆಯುತ್ತೇವೆ, ಚಕ್ರದಡಿಗೆ ನಿಂಬೆಹಣ್ಣು ಇಡುತ್ತೇವೆ. ಆದರೆ ಗೇರಿನ ಹಿಡಿಯಲ್ಲಿರುವ ಗುಂಡಿ ಯಾತಕ್ಕೆ ಎಂದು ಯಾರನ್ನೂ ಕೇಳುವುದಿಲ್ಲ. ಕೇಳಲು ನಾಚಿಕೆ. ಆ ಸಣ್ಣ ನಾಚಿಕೆ ನಮ್ಮ ನೆರೆಮನೆಯ ಗುಡ್ಡಣ್ಣನನ್ನು ಎಷ್ಟು ದೊಡ್ಡ ನಾಚಿಕೆಗೆ ತಂದು ನಿಲ್ಲಿಸಿತು ಎಂಬುದನ್ನು ಇಲ್ಲಿ ಹೇಳುತ್ತೇನೆ. ಹೇಳಿ, ನಾಲ್ಕು ಜನಕ್ಕೆ ಉಪಕಾರವಾಗಲಿ ಎಂದವರು ಅವರೇ.

ಗುಡ್ಡಣ್ಣ ಮೊದಲು ಬೋಟು ನಡೆಸುವ ತಾಂಡೇಲರಾಗಿದ್ದರು. ಮೊಣಕಾಲು ನೋವು ಬಂದ ಮೇಲೆ ದಡದಲ್ಲೇ ಮೀನಿನ ವ್ಯಾಪಾರ. ಮುಂಬೈಯಲ್ಲಿ ಹೋಟೆಲು ಇಟ್ಟ ಅವರ ಭಾವ ತನ್ನ ಹಳೆಯ ಆಟೊಮ್ಯಾಟಿಕ್ ಕಾರನ್ನು ಇವರಿಗೆ ಕೊಟ್ಟರು. ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಗೇರಿನ ಹಿಡಿಯಲ್ಲಿ ಒಂದು ಚಿಕ್ಕ ಗುಂಡಿ. ಒತ್ತಿದರೆ ಸ್ಟಿಯರಿಂಗಿನ ಎದುರು ‘ಓ ಡಿ ಆಫ್’ ಎಂದು ಹಳದಿ ದೀಪ ಹೊತ್ತುತ್ತದೆ. ಇನ್ನೊಮ್ಮೆ ಒತ್ತಿದರೆ ಆರುತ್ತದೆ.

ಗುಡ್ಡಣ್ಣ ಕಾರನ್ನೂ ಬೋಟಿನ ಹಾಗೇ ನಡೆಸಿದರು. ನಡು ಸಮುದ್ರದಲ್ಲಿ ಎಂಜಿನ್ ಗರ್ಜಿಸಬೇಕು, ಆಗಲೇ ಬಲ. ಹಾಗಾಗಿ ಬೈಂದೂರಿನ ಹೆದ್ದಾರಿಯಲ್ಲಿ ದೀಪ ಹೊತ್ತಿಸಿಕೊಂಡೇ ಓಡಿಸುವರು. ಕಾರು ಮರವಂತೆಯುದ್ದಕ್ಕೂ ಕಿರುಚುತ್ತಿತ್ತು, ಪೆಟ್ರೋಲು ನೀರಿನಂತೆ ಕುಡಿಯುತ್ತಿತ್ತು.

“ಹ್ವಾಯ್, ನಾ ಹೇಳುದ್ ನಂಗೇ ಕೇಂತಿಲ್ಲೆ,” ಎಂದು ಹೆಂಡತಿ ಸೀತು ಕಿವಿ ಮುಚ್ಚಿಕೊಳ್ಳುವಳು. “ಅದೆಂತ ದೀಪ? ಆಚೆಮನಿ ಕುಸುಮನ ಹತ್ರ ಆದ್ರೂ ಕೇಣಿ. ಕುಂದಾಪ್ರದಂಗೆ ಅಷ್ಟ್ ಜನಕ್ಕೆ ಡ್ರೈವಿಂಗ್ ಕಲಿಸ್ತಾಳ್ ಅವ್ಳ್.”

“ಸಮುದ್ರದಂಗೆ ಎಂಜಿನ್ ನಡ್ಸಿದವ ನಾನ್. ಈ ಡಬ್ಬಿಗೆ ಕುಸುಮನ ಹತ್ರ ಪಾಠ ಹೇಳಿಸ್ಕಣ್ಕಾ?”

“ಹೇಳಿಸ್ಕಂಡ್ರೆ ಮೀಸಿ ಉದುರತ್ತಾ?”

ಗುಡ್ಡಣ್ಣ ಆಕ್ಸಿಲರೇಟರ್ ಇನ್ನಷ್ಟು ಒತ್ತಿದರು.

ಅವರ ಮಗಳು ಮೋಕ್ಷಿತಾಳನ್ನು ಘಾಟಿಯ ಮೇಲೆ ಕೊಟ್ಟಿದೆ. ಅಳಿಯ ಶೈಲೇಶನಿಗೆ ಅಲ್ಲಿ ಮೀನಿನ ಅಂಗಡಿ. ಚೊಚ್ಚಲ ಬಸುರಿಗೆ ಬಯಕೆ ಶಾಸ್ತ್ರ ಮಾಡಿ ತವರಿಗೆ ಕರೆತರುವುದು ನಮ್ಮ ಕ್ರಮ. ಅಪ್ಪ ತನ್ನ ಗಾಡಿಯಲ್ಲಿ ಕರೆತಂದರೆ ಅದಕ್ಕೊಂದು ಗತ್ತು. ಗುಡ್ಡಣ್ಣ ಹಿಂದಿನ ದಿನವೇ ಕಾರು ತೊಳೆದು, ಕನ್ನಡಿಗೆ ಮಲ್ಲಿಗೆ ಮಾಲೆ ಕಟ್ಟಿದರು.

ಮಗಳ ಮನೆಯಲ್ಲಿ ಬಯಕೆ ಊಟ ಮುಗಿಸಿ ತವರಿಗೆ ಹೊರಟರು. ಮುಂದೆ ಮಗಳನ್ನೂ ಸೀತುವನ್ನೂ ಕೂರಿಸಿಕೊಂಡ ಗುಡ್ಡಣ್ಣನ ಕಾರು. ಹಿಂದೆ ಸೊಸೆಯನ್ನು ಬಿಟ್ಟುಬರಲು ಬೀಗತಿ ಪ್ರಭಾವತಿಯವರ ಜೀಪು. ಬಾಳೆಬರೆ ಘಾಟಿ ಇಳಿಯಲು ಶುರುವಾದ ಕೂಡಲೇ ಗುಡ್ಡಣ್ಣ, ಇಳಿಯುವಾಗ ಬಲ ಯಾತಕ್ಕೆ ಎಂದು, ಗುಂಡಿ ಒತ್ತಿ ದೀಪ ಆರಿಸಿದರು. ಎಂಜಿನ್ ಸದ್ದು ತಣ್ಣಗಾಯಿತು. ಭರತಕ್ಕೆ ಉಬ್ಬಿದ ನೀರಿನ ಮೇಲೆ ಅಳಿವೆ ಬಾಯಿಂದ ಬೋಟು ತೇಲಿ ಬರುವ ಹಾಗೆ ಕಾರು ಇಳಿಯತೊಡಗಿತು. ವೇಗ ಹೆಚ್ಚಿದ ಹಾಗೆ ಬ್ರೇಕು, ಮತ್ತೆ ಬ್ರೇಕು. ಕಾಲು ತೆಗೆದದ್ದೇ ಇಲ್ಲ.

“ಅಪ್ಪಯ್ಯ, ಎಂತದೋ ಸುಟ್ಟ್ ವಾಸ್ನಿ,” ಎಂದಳು ಮೋಕ್ಷಿತಾ.

“ಯಾರೋ ತರಗೆಲಿಗೆ ಬೆಂಕಿ ಕೊಟ್ಟಿರ್ ಮಗಾ.”

ಮುಂದಿನ ತಿರುವಿನಲ್ಲಿ ಬ್ರೇಕು ಮೆತ್ತಗೆ ಕೆಳಗೆ ಹೋಯಿತು, ಕಾರು ನಿಲ್ಲಲಿಲ್ಲ. ಗುಡ್ಡಣ್ಣ ಹ್ಯಾಂಡ್‌ಬ್ರೇಕ್ ಎಳೆಯುತ್ತಾ ಕಾರನ್ನು ಗುಡ್ಡದ ಬದಿಯ ಚರಂಡಿಗೆ ತಿರುಗಿಸಿದರು. ದಡಕ್ಕನೆ ನಿಂತಿತು. ಚಕ್ರಗಳಿಂದ ಹೊಗೆ. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಮೋಕ್ಷಿತಾ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಕೂತಿದ್ದಳು.

ಪ್ರಭಾವತಿ ಜೀಪಿನಿಂದ ಇಳಿದು ಬಂದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸೊಸೆಯ ಕೈ ಹಿಡಿದು ಇಳಿಸಿದರು.

“ಬಾ ಮಗಾ, ಜೀಪಂಗೆ ಕೂಕೋ. ಸೀತಕ್ಕ, ನೀವೂ ಬನ್ನಿ.” ಆಮೇಲೆ ಗುಡ್ಡಣ್ಣನ ಕಡೆ ತಿರುಗಿದರು. “ಹೆಣ್ಣ್ ನಿಮ್ದೇ, ಇಲ್ಲ ಅಂಬುದಿಲ್ಲೆ. ಆರೆ ಇನ್ ಮೇಲೆ ಅವ್ಳ್ ಈ ಕಾರಂಗೆ ಕೂಕಂಬುದ್ ಬ್ಯಾಡ.”

ಮಗಳು ಗಂಡನ ಮನೆಯ ಜೀಪಿನಲ್ಲಿ ತವರಿಗೆ ಬಂದಳು. ಬಾಗಿಲಲ್ಲಿ ಆರತಿ ಹಿಡಿದು ನಿಂತವರೆಲ್ಲ ಜೀಪಿನ ಹಿಂದೆ ಇಣುಕಿದರು. “ಗುಡ್ಡಣ್ಣ ಎಲ್ಲಿ?” ಸೀತು ತಲೆ ತಗ್ಗಿಸಿ, “ಹಿಂದೆ ಬತ್ರ್,” ಎಂದಳು. ಅವರು ಬಂದದ್ದು ಕತ್ತಲಾದ ಮೇಲೆ, ಬಸ್ಸಿನಲ್ಲಿ. ಮಲ್ಲಿಗೆ ಮಾಲೆ ಅಂಗಿಯ ಕಿಸೆಯಲ್ಲಿ ಬಾಡಿತ್ತು.

ಕಾರನ್ನು ಎಳೆಸಿ ತಂದು ಟಾರ್ಪಾಲು ಮುಚ್ಚಿದರು. ಗುಡ್ಡಣ್ಣ ಮೀನಿನ ಏಲಕ್ಕೆ ಹಿಂದಿನ ಓಣಿಯಿಂದ ಹೋಗತೊಡಗಿದರು. ಮನೆಯಲ್ಲೇ ಇದ್ದ ಮಗಳ ಮುಖ ನೋಡಿ ಮಾತಾಡುತ್ತಿರಲಿಲ್ಲ. ಒಂದು ಸಂಜೆ ಕುಸುಮಳ ಅಂಗಳದ ಬೇಲಿಯ ಹತ್ತಿರ ಬಂದು ನಿಂತರು. ಕುಸುಮಳೇ ಕರೆದಳು.

“ಬನ್ನಿ ಗುಡ್ಡಣ್ಣ, ಕೂಕಣಿ. ಕಾರಿನ್ ಸುದ್ದಿಯಾ?”

“ಹೌದ್ ಮಾರಾಯ್ತಿ. ನಂಗೆ ಗೊತ್ತಿಲ್ಲೆ ಅದ್. ಗೊತ್ತಿತ್ತ್ ಅಂದ್ಕಂಡಿದ್ದೆ.”

“ಬೋಟಿಗೆ ಬ್ರೇಕ್ ಇತ್ತಾ?”

“ಬೋಟಿಗೆಂತ ಬ್ರೇಕ್!”

“ಮತ್ತ್ ನಿಧಾನ ಮಾಡುದ್ ಹ್ಯಾಂಗೆ?”

“ಎಂಜಿನ್ ಕಮ್ಮಿ ಮಾಡ್ರೆ ನೀರೇ ಹಿಡಿತ್ತ್.”

“ಅದೇ ಕಾಣಿ. ನೀರ್ ಹಿಡಿತ್ತ್, ರಸ್ತಿ ಹಿಡಿತಿಲ್ಲೆ. ಘಾಟಿ ಇಳಿವಾಗ ಕಾರನ್ನ ಹಿಡ್ಕಂಬುದ್ ಎಂಜಿನ್ನೇ. ನೀವ್ ಅದ್ರ ಕೈ ಬಿಡ್ಸಿ ಎಲ್ಲ ಭಾರ ಬ್ರೇಕಿನ್ ಮೇಲೆ ಹಾಕಿದ್ರಿ. ಅದ್ ಕಾದ್ ಕಾದ್ ಸೋತ್ ಹೋಯ್ತ್.”

ಗುಡ್ಡಣ್ಣ ನೆಲ ನೋಡುತ್ತಾ ಕೇಳಿದರು: “ಹಂಗಾರೆ ಆ ಗುಂಡಿ?”

“ಓವರ್‌ಡ್ರೈವ್ ಅಂದ್ರೆ ಮೇಲಿನ ಗೇರ್. ದೀಪ ಆರಿದ್ರೆ ಅದ್ ಕೆಲ್ಸ ಮಾಡ್ತಾ ಇತ್ತ್ ಅಂತ. ದೀಪ ಹೊತ್ರೆ ಅದ್ ಬಂದ್. ಹೆದ್ದಾರಿಯಂಗೆ ಒಂದೇ ವೇಗದಂಗೆ ಹೋಪಾಗ ದೀಪ ಆರ್ಕ್. ಎಂಜಿನ್ ಮೆಲ್ಲ ತಿರ್ಗತ್ತ್, ಪೆಟ್ರೋಲ್ ಉಳಿತ್ತ್. ಘಾಟಿ ಹತ್ತುಕೆ, ಇಳಿಯುಕೆ ದೀಪ ಹೊತ್ತ್‌ಕ್.”

“ನಾನ್ ಪೂರಾ ಉಲ್ಟಾ ಮಾಡಿದ್ದಾ?”

“ಪೂರಾ ಉಲ್ಟಾ,” ಎಂದು ಕುಸುಮ ನಕ್ಕಳು. ಗುಡ್ಡಣ್ಣ ನಗಲಿಲ್ಲ. ಅವಳೂ ನಗು ನಿಲ್ಲಿಸಿದಳು.

“ಪೇಟಿಯಂಗೆ?” ಎಂದು ಕೇಳಿದರು.

“ಸಲೀಸಾಗಿ ಓಡುದಾದ್ರೆ ದೀಪ ಆರಿಯೇ ಇರ್ಲಿ. ಶಾಸ್ತ್ರಿ ಸರ್ಕಲ್ಲಿನ ಹಾಂಗೆ ನಿಂತ್ ನಿಂತ್ ಹೋಪಲ್ಲಿ, ಗೇರ್ ಮೇಲೆ ಕೆಳ್ಗೆ ಒದ್ದಾಡ್ತಾ ಇದ್ರೆ, ಓವರ್‌ಡ್ರೈವ್ ಬಂದ್ ಮಾಡಿ. ಕಡಿದಾದ ಇಳಿಜಾರಿಗೆ ಇದೊಂದೇ ಸಾಕಾತಿಲ್ಲೆ. ಮೊದ್ಲ್ ಬ್ರೇಕ್ ಹಿಡ್ದ್ ನಿಧಾನ ಮಾಡಿ, ಮತ್ತೆ ಎರಡನೇ ಗೇರಿಗೋ ಎಲ್ಲಕ್ಕಿಂತ ಸಣ್ಣ ‘ಎಲ್’ ಗೇರಿಗೋ ಹಾಕ್ಕ್. ನ್ಯೂಟ್ರಲ್ ಮಾತ್ರ ಯಾವತ್ತೂ ಬ್ಯಾಡ. ಆರೆ ಮೊದ್ಲ್ ಬ್ರೇಕ್ ರಿಪೇರಿ ಮಾಡ್ಸಿ. ಸುಟ್ಟ ಬ್ರೇಕಿಗೆ ಗುಂಡಿ ಒತ್ರೆ ಜೀವ ಬತ್ತಿಲ್ಲೆ.”

ಬ್ರೇಕು ಹೊಸದಾಯಿತು. ಕುಸುಮಳನ್ನು ಪಕ್ಕ ಕೂರಿಸಿಕೊಂಡು ಬ್ರಹ್ಮಾವರದ ತನಕ ಹೋದರು, ದೀಪ ಆರಿಸಿ. ಹಿಂದಿನ ಸೀಟಿನಿಂದ ಸೀತು, “ಅಬ್ಬ, ಈಗ ನನ್ನ್ ಮಾತ್ ಕೇಂತ್ ಅಲ್ದಾ? ಇಷ್ಟ್ ದಿನದ್ದೆಲ್ಲ ಈಗ ಹೇಳ್ತೆ, ಕೇಣಿ,” ಎಂದಳು. ಆಮೇಲೆ ಬಾಳೆಬರೆ ಘಾಟಿ, ಮತ್ತೆ ಮತ್ತೆ. ಆ ಚರಂಡಿಯ ತಿರುವು ಬಂದಾಗಲೆಲ್ಲ ಗುಡ್ಡಣ್ಣ ಹಳದಿ ದೀಪವನ್ನು ಇನ್ನೊಮ್ಮೆ ನೋಡುವರು.

ಗಂಡು ಮಗು ಹುಟ್ಟಿತು. ಬಾಣಂತನ ಮುಗಿದು, ತಾಯಿಯನ್ನೂ ಮಗುವನ್ನೂ ಗಂಡನ ಮನೆಗೆ ಬಿಡುವ ದಿನ ಬಂತು. ಜೀಪು ಕಳಿಸುತ್ತೇವೆ ಎಂದು ಪ್ರಭಾವತಿ ಫೋನು ಮಾಡಿದರು. ಗುಡ್ಡಣ್ಣ ಮಗಳ ಕೋಣೆಯ ಹೊಸ್ತಿಲಲ್ಲಿ ನಿಂತು, “ಜೀಪ್ ಬರ್ಲಿ ಮಗಾ. ನಾ ಹಿಂದೆ ಬತ್ತೆ,” ಎಂದರು.

ಮೋಕ್ಷಿತಾ ಮಗುವಿಗೆ ಟೊಪ್ಪಿ ಹಾಕುತ್ತಾ ಕೇಳಿದಳು: “ಘಾಟಿಯಂಗೆ ಗುಂಡಿ ಎಂತ ಮಾಡ್ಕ್, ಹೇಳಿ ಕಾಂಬ.”

“ಹತ್ತುಕೂ ಇಳಿಯುಕೂ ದೀಪ ಹೊತ್ತ್‌ಕ್. ಇಳಿವಾಗ ಸಣ್ಣ ಗೇರ್.”

“ಹೆದ್ದಾರಿಯಂಗೆ?”

“ಆರ್ಕ್.”

“ಗೊತ್ತಿಲ್ದಿರೆ?”

ಗುಡ್ಡಣ್ಣನ ಕಣ್ಣು ತುಂಬಿತು. “ಗೊತ್ತಿದ್ದವ್ರ ಹತ್ರ ಕೇಣ್ಕ್.”

“ಹಂಗಾರೆ ಕಾರ್ ತೆಗಿನಿ. ಅತ್ತೆ ಹತ್ರ ನಾ ಹೇಳ್ತೆ.”

ಕಾರು ಘಾಟಿ ಹತ್ತಿ ಮನೆ ಮುಟ್ಟಿತು. ಪ್ರಭಾವತಿ ಮೊಮ್ಮಗನನ್ನು ಎತ್ತಿಕೊಂಡರು, ಕಾರಿನ ಕಡೆ ನೋಡಲಿಲ್ಲ. ಕಾಫಿಯಾಯಿತು, ಹೊರಡುವ ಹೊತ್ತಾಯಿತು. ಆಗ ಅವರು ಕೈಚೀಲ ಹಿಡಿದು ಹೊರಗೆ ಬಂದರು.

“ನಂಗೂ ಕುಂದಾಪ್ರದಂಗೆ ಕಣ್ಣ್ ತೋರ್ಸುಕಿತ್ತ್. ನಾನೂ ಬತ್ತೆ.”

ಮುಂದಿನ ಸೀಟಿನಲ್ಲೇ ಕೂತರು. ಇಳಿಜಾರಿನಲ್ಲಿ ಎಂಜಿನ್ ಸದ್ದು ಏರಿತು. “ಎಂತ ಇದ್ ಗಲಾಟಿ?” ಎಂದರು. “ಅದ್ ಕಾರನ್ನ ಹಿಡ್ಕಂಡದ್, ಪ್ರಭಕ್ಕ,” ಎಂದರು ಗುಡ್ಡಣ್ಣ. ಆ ತಿರುವು ಬಂತು. ಇಬ್ಬರೂ ಚರಂಡಿಯ ಕಡೆ ನೋಡಿದರು. ಕೆಳಗೆ ಹೊಸಂಗಡಿ ಬಂದ ಮೇಲೆ ಪ್ರಭಾವತಿ ಗಾಜು ಇಳಿಸಿ ಮೂಗಿನಿಂದ ಗಾಳಿ ಎಳೆದುಕೊಂಡರು.

“ವಾಸ್ನಿ ಇಲ್ಲೆ,” ಎಂದರು. “ಇನ್ನೊಂದ್ ಸಲ ಮಗುನ ಕರ್ಕಂಡ್ ಬಪ್ಪಾಗ್ಲೂ ಈ ಕಾರೇ ಸಾಕ್.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಆಟೊಮ್ಯಾಟಿಕ್ ಕಾರಿದ್ದರೆ ಇವತ್ತೇ ಹೋಗಿ ಗೇರಿನ ಹಿಡಿ ನೋಡಿ. ಓವರ್‌ಡ್ರೈವ್ ಗುಂಡಿ ಇದ್ದರೆ ಹೆದ್ದಾರಿಯಲ್ಲಿ ದೀಪ ಆರಿರಲಿ, ಘಾಟಿಯಲ್ಲಿ ಹೊತ್ತಿರಲಿ. ದೀಪ ತಾನಾಗಿ ಮಿಣುಕಿದರೆ ಮೆಕ್ಯಾನಿಕ್ ಹತ್ತಿರ ತೋರಿಸಿ. ಹೊಸ ಕಾರುಗಳಲ್ಲಿ ಈ ಗುಂಡಿ ಇರದಿರಬಹುದು. ಇಳಿಜಾರಿಗೆ ಯಾವ ಗೇರು ಎಂದು ತಿಳಿದವರನ್ನು ಕೇಳಿಕೊಳ್ಳಿ. ಅವರು ನಿಮಗಿಂತ ಚಿಕ್ಕವರಾದರೂ ಕೇಳಿ, ಹೆಂಗಸಾದರೂ ಕೇಳಿ. ಅಂಗಳದಲ್ಲಿ ನಿಂತು ಕೇಳುವ ನಾಚಿಕೆ ಒಂದು ಗಳಿಗೆಯದು. ಘಾಟಿಯ ತಿರುವಿನಲ್ಲಿ, ಮಗಳನ್ನು ಬೇರೆಯವರ ಗಾಡಿಗೆ ಹತ್ತಿಸಿ ಒಬ್ಬರೇ ನಿಲ್ಲುವ ನಾಚಿಕೆ ಅಷ್ಟು ಬೇಗ ಇಳಿಯುವುದಿಲ್ಲ.