ನೂರಕ್ಕೆ ನಾಲ್ಕು ಕಮ್ಮಿ

"ಈ ಡಬ್ಬಾನೂ ಜತೇಲೇ ಮಣ್ಣಿಗಾಕ್ಬುಡಾನ ಕಣ್ರಿ. ಇನ್ಯಾರು ಆಡ್ತಾರೆ ಇದ್ನ?"

ಗುರುಸ್ವಾಮಿಯ ತಮ್ಮನ ಮಗ ನಿರಂಜನ್, ಒಳಗಿನಿಂದ ತಂದ ಹಳೆಯ ಬಿಸ್ಕತ್ತಿನ ಡಬ್ಬವನ್ನು ಎತ್ತಿ ಅಲ್ಲಾಡಿಸಿದ. ರಟ್ಟಿನ ಚೂರುಗಳು ಸರಸರ ಅಂದವು. ಜಗಲಿಯ ಮುಂದೆ ಚಟ್ಟಕ್ಕೆ ಬಿದಿರು ಸೀಳುತ್ತಿದ್ದ, ಗುರುಸ್ವಾಮಿಯ ಗೆಳೆಯ ಚೌಡಪ್ಪನ ಕೈ ಅಲ್ಲೇ ನಿಂತಿತು.

"ಬ್ಯಾಡ. ಇತ್ತಾ ತತ್ತಾ."

"ನೀವಿಬ್ರೂ ಆಡೋದ್ ಬುಟ್ಟು ಆರು ವರ್ಸ ಆಯ್ತಲ್ಲ, ದೊಡ್ಡಪ್ಪ."

"ತತ್ತಾ ಅಂದ್ರೆ ತತ್ತಾ ಕಣ್ಲಾ."

ಒಳಗೆ ಗುರುಸ್ವಾಮಿಯನ್ನು ಅವನ ಮಗ್ಗದ ಎದುರೇ ಮಲಗಿಸಿದ್ದರು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೇ ಇತ್ತು. ಬೀದಿಯಲ್ಲಿ ಆವತ್ತು ಒಂದು ಮಗ್ಗವೂ ಆಡಿರಲಿಲ್ಲ. ಹುಟ್ಟಿದಾಗಿನಿಂದ ಆ ಸದ್ದನ್ನು ಮೀರಿಸಿ ಮಾತಾಡಿ ರೂಢಿಯಾದ ಜನ, ಸದ್ದಿಲ್ಲದ ದಿನವೂ ಜೋರಾಗಿಯೇ ಮಾತಾಡುತ್ತಿದ್ದರು. ಕೌದಳ್ಳಿಯಿಂದ ಮಗಳು ರೋಜಾ ಬರಬೇಕಿತ್ತು. ಅವಳು ಮುಖ ನೋಡಿದ ಮೇಲೆ ಎತ್ತುವುದು. ಗೆಳೆಯನಿಗೆ ಏನಾದರೂ ಹೇಳುವುದಿದ್ದರೆ ಚೌಡಪ್ಪನಿಗೆ ಉಳಿದಿದ್ದೂ ಅಷ್ಟೇ ಹೊತ್ತು.

*

ಆ ಆಟ ಹುಟ್ಟಿಸಿದವನು ಗುರುಸ್ವಾಮಿಯೇ. ಸೀರೆಗೆ ಹೂಬಳ್ಳಿ ಮೂಡಿಸಿ ಈಗ ಮೂಲೆ ಸೇರಿದ್ದ ತೂತುತೂತಿನ ಜಕಾರ್ಡ್ ರಟ್ಟನ್ನು ಚೂರು ಮಾಡಿ, ಒಂದೊಂದರ ಮೇಲೂ ಒಂದೊಂದು ಇಂಗ್ಲಿಷ್ ಅಕ್ಷರ ಬರೆದಿದ್ದ. ಸಾಯಂಕಾಲ ಮಗ್ಗ ನಿಲ್ಲಿಸಿದ ಮೇಲೆ ಕಣ್ಣು ಮುಚ್ಚಿ ಏಳು ಚೂರು ತೆಗೆಯುವುದು. ಅವುಗಳಲ್ಲಿ ಯಾವ ಪದ ಅಡಗಿದೆಯೋ ಹುಡುಕುವುದು. ಎಷ್ಟು ಅಕ್ಷರದ ಪದವೋ ಗುರುಸ್ವಾಮಿಯ ಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಅಷ್ಟು ಗೀಟು. ನೂರು ಗೀಟು ಮೊದಲು ಮುಟ್ಟಿದವನು ಗೆದ್ದ. ಆಮೇಲೆ ಎಲ್ಲ ಅಳಿಸಿ ಮತ್ತೆ ಒಂದರಿಂದ.

ಗುರುಸ್ವಾಮಿ ಓದಿದ್ದು ನಾಲ್ಕನೇ ಕ್ಲಾಸು. ಸೋಪಿನ ಕಾಗದ, ಗೊಬ್ಬರದ ಚೀಲ, ಹನೂರು ಬಸ್ಸಿನ ಬೋರ್ಡು, ಇವೇ ಅವನ ಮೇಷ್ಟ್ರುಗಳು. ಚೌಡಪ್ಪ ಎಸ್ಸೆಲ್ಸಿ ಪಾಸು. ಡಿಕ್ಷನರಿ ಇದ್ದದ್ದು ಅವನ ಹತ್ತಿರ. ಹಾಗಾಗಿ ತೀರ್ಪೂ ಅವನದೇ, ಗೆಲುವೂ ಸಾಮಾನ್ಯವಾಗಿ ಅವನದೇ.

ಆರು ವರ್ಷದ ಹಿಂದೆ ಒಂದು ಭಾನುವಾರ ಗುರುಸ್ವಾಮಿಯ ಗೀಟು ತೊಂಬತ್ತಾರಕ್ಕೆ ಬಂದಿತ್ತು, ಚೌಡಪ್ಪನದು ತೊಂಬತ್ತೈದು. ಅಗರದಿಂದ ಚೌಡಪ್ಪನ ಹೊಸ ಬೀಗರು ಬಂದಿದ್ದರು. ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಆಟ ನೋಡಲು ಕೂತರು. ಗುರುಸ್ವಾಮಿ ಏಳು ಚೂರುಗಳನ್ನು ದಿಟ್ಟಿಸಿ, ನಾಲ್ಕನ್ನು ಮೆಲ್ಲಗೆ ಮುಂದೆ ತಳ್ಳಿದ. ಡಬ್ಲ್ಯು, ಇ, ಎಫ್, ಟಿ.

"ವೆಫ್ಟ್" ಅಂದ.

"ಅದೇನ್ಲಾ ಅದು, ಸೀನ್ದಂಗೆ?"

"ಹಾಸು ಹೊಕ್ಕು ಅಂತೀವಲ್ಲ, ಆ ಹೊಕ್ಕು ಕಣ್ಲಾ. ಮಗ್ಗ ನೋಡಕೆ ಒಬ್ಬ ಫಾರಿನ್ ಯಮ್ಮ ಬಂದಿರ್ನಿಲ್ವಾ, ಹೊಕ್ಕಿನ ಎಳೆ ಮುಟ್ಟಿ ಮುಟ್ಟಿ ಅದ್ನೇ ಅಂತಿತ್ತು. ನೋಡು, ಅದ್ರಲ್ಲಿರ್ತದೆ."

ಬೀಗರು ನಕ್ಕರು. "ಏನ್ ಬೀಗ್ರೇ, ಬೀದಿಗೆಲ್ಲ ನೀವೊಬ್ರೇ ಇಂಗ್ಲಿಷ್ ಬಲ್ಲೋರು ಅಂದ್ರಿ?"

ಚೌಡಪ್ಪ ಡಿಕ್ಷನರಿ ಬಿಡಿಸಿದ. ಹಾಳೆ ತಿರುವಿದ. ಬೆರಳು ಆ ಪದದ ಮೇಲೇ ಹೋಗಿ ನಿಂತಿತು. ಡಿಕ್ಷನರಿ ಮುಚ್ಚಿದ.

"ಇಲ್ಲ ಕಣ್ಲಾ. ಮಗ್ಗದ ಸದ್ದಲ್ಲಿ ಏನೋ ಕೇಳುಸ್ಕಂಡಿದ್ದೀಯ."

ಗುರುಸ್ವಾಮಿ ವಾದ ಮಾಡಲಿಲ್ಲ. "ಅದ್ರಲ್ಲಿಲ್ಲ ಅಂದ್ರೆ ಇಲ್ಲ ಬುಡು" ಅಂದು ಆ ನಾಲ್ಕು ಚೂರನ್ನು ಡಬ್ಬಕ್ಕೆ ಹಾಕಿದ. ಮಾರನೆಯ ದಿನ ತಲೆನೋವು ಅಂದ. ಅದರ ಮಾರನೆಯ ದಿನ ಸೀರೆ ಅರ್ಜೆಂಟು ಅಂದ. ಆಮೇಲೆ ಚೌಡಪ್ಪನೂ ಕರೆಯಲಿಲ್ಲ.

*

ಡಬ್ಬ ಹಿಡಿದು ಚೌಡಪ್ಪ ಒಳಗೆ ಬಂದ. ಗಂಡನ ತಲೆಯ ಹತ್ತಿರ ವಸಂತಮ್ಮ ಕೂತಿದ್ದಳು. ಪಕ್ಕದಲ್ಲಿ ಕಾಲೇಜು ಓದುವ ಮೊಮ್ಮಗಳು ಧನುಶ್ರೀ.

"ಕೂತ್ಕೊ ಚೌಡಪ್ಪಣ್ಣ" ಅಂದಳು ವಸಂತಮ್ಮ. "ನಿನ್ನ ಹೆಸ್ರು ಏಳ್ದೆ ಇದ್ದ ದಿನ ಇಲ್ಲ ಇವ್ರು. ಈ ಮಗೀಗೆ ಒಂದಿನಾನೂ ಇಂಗ್ಲಿಷ್ ಏಳ್ಕೊಡ್ನಿಲ್ಲ. ನಂಗ್ ಬರೋದೆಲ್ಲಾ ತಪ್ಪು ಮಗ, ಚೌಡಪ್ಪ ತಾತನ್ನ ಕೇಳು, ಅಂತಿದ್ರು."

ಧನುಶ್ರೀ ಹೌದೆಂದು ತಲೆಯಾಡಿಸಿದಳು. ಪುಸ್ತಕ ಹಿಡಿದು ಅವಳು ಎಷ್ಟು ಸಲ ತನ್ನ ಬಾಗಿಲಿಗೆ ಬಂದಿದ್ದಳು ಎಂಬುದು ಚೌಡಪ್ಪನಿಗೆ ನೆನಪಾಯಿತು. ಪ್ರತಿ ಸಲವೂ ಅವಳನ್ನು ಕೂರಿಸಿ, ಕಾಫಿ ಕೊಡಿಸಿ, ಅದೇ ಡಿಕ್ಷನರಿ ತೆಗೆಯುತ್ತಿದ್ದ.

"ವಸಂತಮ್ಮ, ಆವತ್ತು ಇವನು ಏಳಿದ ಮಾತು ಡಿಕ್ಷನರೀಲಿತ್ತು. ನಾನೇ ಇಲ್ಲ ಅಂದ್ಬುಟ್ಟೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

"ಎಲ್ಲೋ ಮೂಲೇಲಿ, ಕಾಣ್ದಂಗಿತ್ತಾ?"

"ಇಲ್ಲ ಕಣವ್ವ. ದಪ್ಪಕ್ಷರದಲ್ಲೇ ಇತ್ತು."

ವಸಂತಮ್ಮ ಗಂಡನ ಹಣೆಯ ವಿಭೂತಿಯನ್ನು ಸೆರಗಿನ ತುದಿಯಿಂದ ಸರಿಮಾಡಿದಳು.

"ನಂಗೇಳಿ ಏನಣ್ಣ ಆಗ್ಬೇಕು? ಅವ್ರಿಗೇಳು."

ಚೌಡಪ್ಪ ಮಂಡಿಯೂರಿದ. ಹತ್ತಿ ಇಟ್ಟಿದ್ದ ಕಿವಿಯ ಹತ್ತಿರ ಬಾಗಿದ. ಸಣ್ಣ ದನಿಯಲ್ಲಿ ಮಾತಾಡಿ ಗೊತ್ತಿಲ್ಲದ ಬೀದಿಯ ಗಂಟಲು ಅದು. ಆಡಿದ್ದು ಜಗಲಿಯವರೆಗೂ ಕೇಳಿತು.

"ಇತ್ತು ಕಣ್ಲಾ ಗುರು. ನೋಡೇ ಇಲ್ಲ ಅಂದೆ."

ಬಾಗಿಲಲ್ಲಿದ್ದವರು ಒಳಗೆ ಇಣುಕಿದರು. "ಏನಿತ್ತು ದೊಡ್ಡಪ್ಪ?" ಅಂದ ನಿರಂಜನ್.

ಸಾವಿಗೆ ಬಂದಿದ್ದ ಅಗರದ ಬೀಗರೂ ಅಲ್ಲೇ ನಿಂತಿದ್ದರು. ಚೌಡಪ್ಪ ಅವರ ಕಡೆಗೇ ತಿರುಗಿದ. "ಆವತ್ತು ಗೆದ್ದೋನು ಇವನು. ನಾನು ಮೋಸ ಮಾಡ್ದೆ."

ಬೀಗರು ನೆನಪಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಆಟೋ ಬಂತು. ರೋಜಾ "ಅಪ್ಪಾ" ಎನ್ನುತ್ತ ಓಡಿಬಂದಳು. ಅವಳ ಅಳುವಿನಲ್ಲಿ ಉಳಿದದ್ದೆಲ್ಲ ಮುಳುಗಿಹೋಯಿತು.

*

ಮಣ್ಣು ಮಾಡಿ, ಮಿಂದು, ಎಲ್ಲರೂ ಒದ್ದೆ ಬಟ್ಟೆಯಲ್ಲೇ ದೀಪ ನೋಡಲು ಬಂದರು. ಗುರುಸ್ವಾಮಿಯ ತಲೆಯಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು. ಒಬ್ಬೊಬ್ಬರೇ ನೋಡಿ, ಮಾತಾಡದೆ ಹೊರಟರು. ಚೌಡಪ್ಪ ದೀಪ ನೋಡಿದ. ಆಮೇಲೆ ಅದರ ಹಿಂದಿನ ಗೋಡೆ ನೋಡಿದ. ಗೋಡೆಗೆಲ್ಲ ಹೊಸ ನೀಲಿ ಸುಣ್ಣ. ನಡುವೆ ಒಂದು ಚೌಕ ಮಾತ್ರ ಮಾಸಿದ ಹಳೆಯ ನೀಲಿಯಲ್ಲೇ ಉಳಿದಿತ್ತು. ಅದರೊಳಗೆ ಸೀಮೆಸುಣ್ಣದ ಗೀಟುಗಳು.

"ಪ್ರತಿ ಹಬ್ಬಕ್ಕೂ ಅಷ್ಟು ಬಿಡಿಸೇ ಬಳಿಸ್ತಿದ್ರು" ಅಂದಳು ವಸಂತಮ್ಮ. "ಯಾಕೆ ಅಂತ ಕೇಳುದ್ರೆ, ಆಟ ಮುಗ್ದಿಲ್ವಲ್ಲ ಅನ್ನೋರು."

ಚೌಡಪ್ಪ ಡಬ್ಬದ ಮುಚ್ಚಳ ತೆಗೆದು, ಅಕ್ಷರಗಳ ಅಡಿಯಿಂದ ಸೀಮೆಸುಣ್ಣದ ತುಂಡು ಹುಡುಕಿ ತೆಗೆದ. ಪಂಚೆಯಿಂದ, ತೋಳಿನಿಂದ ನೀರಿಳಿದು ಕೈಯಲ್ಲಿದ್ದ ತುಂಡೂ ನೆನೆಯಿತು. ಗುರುಸ್ವಾಮಿಯ ಕಡೆ ಕೊನೆಯ ಗೀಟಿನ ಪಕ್ಕ ನಾಲ್ಕು ಸಲ, ಮೇಲಿಂದ ಕೆಳಕ್ಕೆ ಎಳೆದ.

"ಏನೂ ಮೂಡ್ನಿಲ್ವಲ್ಲ ತಾತ" ಅಂದಳು ಧನುಶ್ರೀ.

"ಒಣಗ್ಲಿ ತಡಿ, ಮಗ."

ಅವನು ಗೋಡೆಯ ಮುಂದೆ ನಿಂತೇ ಇದ್ದ. ಕಾಲಡಿಯ ನೀರು ಹಣತೆಯ ಕಡೆ ಹರಿಯದಂತೆ ವಸಂತಮ್ಮ ಅಂಗೈ ಅಡ್ಡ ಇಟ್ಟಳು. ಸ್ವಲ್ಪ ಹೊತ್ತಿಗೆ ಮಾಸಿದ ನೀಲಿಯ ಮೇಲೆ ಮೊದಲನೇ ಗೀಟು ಬೆಳ್ಳಗಾಯಿತು. ಆಮೇಲೆ ಎರಡನೆಯದು.