ರೆಕ್ಕೆ ನಿಂತ ಸಂಜೆ

ಹೊಲಿಗೆಯಂಗಡಿಯ ಅಕ್ಕನಿಗೆ ಕಣ್ಣು ಒಂದೇ ಸಲಕ್ಕೆ ಹೋಗಲಿಲ್ಲ. ಹಳೆಯ ಅಂಗಿಯ ತೋಳು ಸವೆಯುವ ಹಾಗೆ ಅಂಚಿನಿಂದ ಸವೆಯುತ್ತ ಬಂತು. ಮೊದಲು ಮಗ್ಗುಲಲ್ಲಿಟ್ಟ ಕತ್ತರಿ ಕಾಣದಾಯಿತು. ಸೊಸೆ ಎತ್ತಿಕೊಟ್ಟರೆ, "ಈ ಕತ್ತರಿಗೆ ಕಾಲು ಬಂದಿದೆ ಕಣೇ" ಎಂದು ನಗುತ್ತಿದ್ದಳು. ಆಮೇಲೆ ಅಂಗಡಿಯೊಳಗೆ ಬಂದವರು ಮುಖದೆದುರು ನಿಲ್ಲುವ ತನಕ ಬಂದದ್ದೇ ಗೊತ್ತಾಗದಾಯಿತು. ಆಗ ನಗುವುದು ನಿಂತಿತು.

ವಿಚಿತ್ರವೆಂದರೆ ನಡುವಿನ ನೋಟ ಮಾತ್ರ ಚೊಕ್ಕವಾಗಿತ್ತು. ಸೂಜಿಗೆ ನೂಲು ಈಗಲೂ ಒಂದೇ ಸಲಕ್ಕೆ ಪೋಣಿಸುತ್ತಿದ್ದಳು. ಕಣ್ಣಿನ ಡಾಕ್ಟರು ತಮ್ಮ ಯಂತ್ರದಲ್ಲಿ ಇಣುಕಿ ನೋಡಿ, "ಹೋದದ್ದು ವಾಪಸ್ ಬರಲ್ಲಮ್ಮ. ಇರೋದನ್ನ ಔಷಧಿ ಹನಿ ಹಾಕಿ ಹಿಡಿದಿಟ್ಟುಕೊಳ್ಳೋಕೆ ನೋಡೋಣ. ಎಷ್ಟು ಕಾಲ ಅಂತ ಮಾತ್ರ ಕೇಳಬೇಡಿ" ಎಂದಿದ್ದರು.

"ಈಗ ಹೇಗೆ ಕಾಣುತ್ತಕ್ಕಾ?" ಎಂದು ತಮ್ಮ ಕೇಳಿದ್ದ.

"ಕೋಟಿನ ಗುಂಡಿ ತೂರಿಸೋ ಕಾಜಾದೊಳಗಿಂದ ಬೀದಿ ನೋಡಿದ ಹಾಗೆ. ತುಂಡು ಬಟ್ಟೆ ಕಾಣುತ್ತೆ, ಇಡೀ ಥಾನು ಕಾಣಲ್ಲ."

ತಮ್ಮನದು ಪಕ್ಕದ ಮಳಿಗೆ. ಬೀಗ ರಿಪೇರಿ, ಕೀಲಿಕೈ ಮಾಡಿಕೊಡುವುದು ಅವನ ಕಸುಬು. ಮಾತಿಗೆ ನಿಂತರೆ ಮುಗಿಯಿತು, ಗಿರಾಕಿಯ ಮನೆಬಾಗಿಲು ತೆರೆದರೂ ಇವನ ಬಾಯಿ ಮುಚ್ಚದು. "ಊರಿಗೆಲ್ಲ ಬೀಗ ಮಾಡ್ತಾನೆ, ತನ್ನ ಬಾಯಿಗೊಂದು ಮಾಡ್ಕೊಳ್ಳಲಿಲ್ಲ" ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆ ಬಾಯಿಗೆ ಬಿಡುವು ಸಿಗುತ್ತಿದ್ದುದು ಹೊಳೆಯ ದಂಡೆಯಲ್ಲಿ ಮಾತ್ರ. ರಜೆ ಸಿಕ್ಕಿತೆಂದರೆ ಗಾಳದ ಕೋಲು ಹೆಗಲಿಗೇರುತ್ತಿತ್ತು.

ಅವನು ಗಾಳಕ್ಕೆ ಎರೆಹುಳ ಚುಚ್ಚುವವನಲ್ಲ. ಆ ಹೊಳೆಯ ಚುಕ್ಕೆಮೀನು ನೀರಿನ ಮೇಲೆ ತೇಲುವ ರೆಕ್ಕೆಹುಳಕ್ಕೆ ಬಾಯಿ ಹಾಕುವ ಜಾತಿ. ಗಾಳದ ಮೇಲೆ ಪುಕ್ಕ, ನೂಲು ಸುತ್ತಿ ಆ ಹುಳದ ಹಾಗೇ ಒಂದು ಸುಳ್ಳುಹುಳ ಕಟ್ಟಬೇಕು, ಉದ್ದದ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ ನೀರ ಮೇಲೆ ಮೆಲ್ಲಗೆ ಇಳಿಸಬೇಕು. ಬೀಸುವುದು ತಮ್ಮನ ಕೆಲಸ, ಕಟ್ಟುವುದು ಅಕ್ಕನ ಕೆಲಸ. ತನ್ನ ಮೀಸೆ, ಅಕ್ಕನ ತಲೆ ಎರಡೂ ಕಪ್ಪಗಿದ್ದ ಕಾಲ ಎಂದು ತಮ್ಮ ಈಗ ಹೇಳುವ ಆ ದಿನಗಳಲ್ಲಿ, ಒಂದು ದಿನ ಅವನು ಬೆಂಕಿಪೊಟ್ಟಣ ತೆರೆದು ಹೊಲಿಗೆಯ ಮೇಜಿನ ಮೇಲೆ ಒಂದು ಸತ್ತ ಹುಳವನ್ನು ಸುರಿದಿದ್ದ.

"ಅಕ್ಕಾ, ಇದೇ ಅಳತೆಗೆ ಒಂದು ಮಾಡಿಕೊಡು."

ಅಕ್ಕ ಅದನ್ನು ಅಳತೆಗೆಂದು ಕೊಟ್ಟ ಅಂಗಿಯನ್ನು ನೋಡುವ ಹಾಗೆ ನೋಡಿದಳು. ಸೊಂಟ ಇಷ್ಟು, ಬಾಲದ ಎಳೆ ಇಷ್ಟು, ಎರಡು ರೆಕ್ಕೆ ಅತ್ತಿತ್ತ ಚಾಚಿ ಮಲಗಿವೆ. ಹಾಗೆಯೇ ಕಟ್ಟಿದಳು. ಅಂದಿನಿಂದ ಇಂದಿನವರೆಗೆ ಎಷ್ಟು ಕಟ್ಟಿದ್ದಾಳೋ ಲೆಕ್ಕವಿಟ್ಟವರಿಲ್ಲ. ತಮ್ಮನ ಜೊತೆಗಾರರೂ ಅವಳ ಹತ್ತಿರವೇ ಕಟ್ಟಿಸಿಕೊಂಡರು.

ಆದರೆ ಆ ಹುಳ ಹೊಳೆಯಿಂದ ಏಳುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಅದು ಏಳುವುದು ವರ್ಷದಲ್ಲಿ ಕೆಲವೇ ಸಂಜೆ. ಅದೂ ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ, ಅಂಗಡಿಯಲ್ಲಿ ಯೂನಿಫಾರಂ ರಾಶಿ ಬಿದ್ದಾಗ. ತಮ್ಮ ಪ್ರತಿ ವರ್ಷವೂ ಬಂದು ಹೇಳುತ್ತಿದ್ದ: "ನೀರು ಕುದಿದ ಹಾಗಾಗುತ್ತೆ ಅಕ್ಕಾ. ಹೊಗೆ ಎದ್ದ ಹಾಗೆ ಏಳ್ತಾವೆ. ಮೊದಲು ಮೀನು ಬರೀ ಆಟ ಆಡುತ್ತೆ, ಎಷ್ಟು ಬೀಸಿದ್ರೂ ನಮ್ಮ ಗಾಳ ಮುಟ್ಟಲ್ಲ. ಕತ್ತಲು ಕವಿಯೋವಾಗ ನೋಡು, ಹಿಡಿದೇ ಬಿಡುತ್ತೆ. ಆಟ ಆದ ಮೇಲೇ ಊಟ!" ಈ ಕೊನೆಯ ಮಾತು ಹೊಳೆಯ ಗಾಳದವರಿಗೆಲ್ಲ ಅವನು ಕಲಿಸಿದ ಗಾದೆ.

"ಮುಂದಿನ ವರ್ಷ ಬರ್ತೀನಿ ಬಿಡು" ಎಂದು ಅಕ್ಕ ಪೆಡಲು ತುಳಿಯುತ್ತಿದ್ದಳು.

ಈ ವರ್ಷ ಹಾಗೆನ್ನಲಿಲ್ಲ. ಹುಳ ಏಳುವ ಕಾಲ ಹತ್ತಿರವಾಯಿತು ಎಂದು ತಮ್ಮ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಹಾಗೆ, ಅವಳು ಕೊರಳಿಗೆ ಹಾಕಿಕೊಂಡ ಟೇಪನ್ನು ತೆಗೆದು ಮೊಳೆಗೆ ನೇತುಹಾಕಿದಳು.

"ನಾನೂ ಬರ್ತೀನಿ. ಯಾವತ್ತು?"

ತಮ್ಮ ಹೊಸಿಲು ದಾಟಿ ಒಳಗೆ ಬಂದ. "ಯಾವತ್ತು ಅಂತ ಹೇಳೋಕೆ ಅವೇನು ಬಸ್ಸಾ ಅಕ್ಕಾ? ಹೋಗಿ ಕಾಯಬೇಕು."

"ಅತ್ತೇ, ಚಡ್ಡಿಗಳು ಹಾಗೇ ಬಿದ್ದಿವೆ" ಎಂದಳು ಸೊಸೆ.

"ನೀನಿದ್ದೀಯಲ್ಲ. ಒಂದು ದಿನ ಹಳೆ ಚಡ್ಡೀಲಿ ಹೋದ್ರೆ ಶಾಲೆ ಏನೂ ಓಡಿಹೋಗಲ್ಲ. ನನ್ನ ಕಣ್ಣು ಹೋಗುತ್ತೆ."

ಸೊಸೆ ಎದ್ದು ಒಳಗೆ ಹೋದಳು. ಫ್ಲಾಸ್ಕಿಗೆ ಚಹಾ ತುಂಬಿ ಕೈಗೆ ಕೊಟ್ಟಳು.

ಮೊದಲ ಸಂಜೆ ಹೊಳೆಯಲ್ಲಿ ಗಾಳಿಯೊಂದೇ ಇತ್ತು. ತಮ್ಮನ ಹೆಗಲ ಮೇಲೆ ಕೈಯಿಟ್ಟು ಇಳಿಜಾರು ಇಳಿದು, ಚಪ್ಪಟೆ ಬಂಡೆಯ ಮೇಲೆ ಕೂತು, ಅಕ್ಕ ನೀರು ನೋಡಿದ್ದೇ ಬಂತು. ಮರುದಿನ ಮಳೆ ಹಿಡಿದು ಇಬ್ಬರೂ ಸೇತುವೆಯ ಕೆಳಗೆ ನಿಂತು ಚಹಾ ಕುಡಿದು ಬಂದರು. ಆಮೇಲಿನ ಸಂಜೆ ಮೋಡವಿದ್ದು ಗಾಳಿ ಸತ್ತಿತ್ತು. ಇಂದು ಏಳದಿದ್ದರೆ ನನ್ನ ಹೆಸರನ್ನೇ ಬದಲಿಸು ಎಂದು ತಮ್ಮ ಆಣೆ ಹಾಕಿದ. ಹೊತ್ತು ಜಾರಿತು. ಏನೂ ಏಳಲಿಲ್ಲ.

"ಏನು ಹೆಸರಿಡ್ಲಿ ನಿನಗೆ?" ಎಂದಳು ಅಕ್ಕ.

ತಮ್ಮ ನಗಲಿಲ್ಲ. ಅವನು ಆಗಾಗ ಆಕಾಶ ನೋಡುತ್ತಿದ್ದ. ಬೆಳಕು ತಗ್ಗಿತೆಂದರೆ ಅಕ್ಕನ ನೋಟ ಎಲ್ಲರಿಗಿಂತ ಮೊದಲು ಮುಚ್ಚುತ್ತದೆ ಎಂದು ಅವನಿಗೆ ಗೊತ್ತು. ಹುಳಗಳಿಗೆ ಗೊತ್ತಿಲ್ಲವಲ್ಲ.

"ಹೋಗೋಣ ಬಾ ಅಕ್ಕಾ. ನಾಳೆ ನೋಡೋಣ."

ಅವಳು ಎದ್ದು ಸೆರಗು ಕೊಡವಿದಳು. ಆಗ ಕೆನ್ನೆಯ ಮೇಲೆ ಏನೋ ಬಂದು ಕೂತಿತು. ಒಂದು ನೂಲಿನ ತುದಿ ತಾಗಿದಷ್ಟೇ ಭಾರ. ಕೈಯೆತ್ತಿ ತೆಗೆಯಹೋದರೆ ಕೈಯ ಮೇಲೆ ಇನ್ನೊಂದು.

"ತಮ್ಮಾ."

"ಅಲ್ಲಾಡಬೇಡ" ಎಂದ ಅವನು, ದನಿ ಇಳಿಸಿ. "ಬಂದ್ವು."

ಅಕ್ಕ ಮತ್ತೆ ಬಂಡೆಯ ಮೇಲೆ ಕುಸಿದು ಕೂತಳು. ತಮ್ಮ ಹೇಳಿದ್ದ ಕುದಿಯುವ ನೀರಾಗಲಿ ಹೊಗೆಯಾಗಲಿ ಅವಳಿಗೆ ಕಾಣಲಿಲ್ಲ. ಕಾಣುವುದು ಕಾಜಾದಷ್ಟು ತೂತು. ಆ ತೂತನ್ನು ಬಂಡೆಯ ಬುಡದ ನಿಂತ ನೀರಿನ ಮೇಲಿಟ್ಟಳು. ಅಲ್ಲೊಂದು ಕಂದು ಬಣ್ಣದ ಕಡ್ಡಿ ತಳದಿಂದ ಮೇಲೆ ಬಂದು ನೀರಿನ ಮೈಗೆ ಅಂಟಿಕೊಂಡಿತು. ಕಸ ಅಂದುಕೊಂಡಳು. ಕಸದ ಬೆನ್ನು ಬಿರಿಯಿತು. ಹೊಲಿಗೆ ಬಿಚ್ಚಿಕೊಂಡ ಹಾಗೆ ನೆಟ್ಟಗೆ, ಕುತ್ತಿಗೆಯಿಂದ ಕೆಳಕ್ಕೆ. ಒಳಗಿಂದ ಒಂದು ತಲೆ ಬಂತು, ಕಾಲು ಬಂದವು. ಆಮೇಲೆ ಮಡಿಸಿಟ್ಟ ಒದ್ದೆ ಬಟ್ಟೆಯಂಥದ್ದೇನೋ ಹೊರಗೆ ಬಂದು, ಅವಳು ಉಸಿರು ಬಿಡುವಷ್ಟರಲ್ಲಿ ಸುಕ್ಕೆಲ್ಲ ಬಿಚ್ಚಿ, ಇಸ್ತ್ರಿ ಮಾಡಿದ ಹಾಗೆ ನೆಟ್ಟಗಾಗಿ ಎದ್ದು ನಿಂತಿತು. ರೆಕ್ಕೆ. ಒಂದಕ್ಕೊಂದು ಬೆನ್ನು ತಾಗಿಸಿ ಆಕಾಶಕ್ಕೆ ಮುಖ ಮಾಡಿ ನಿಂತ ರೆಕ್ಕೆ. ಬೆಳಕು ಅದರೊಳಗೆ ಹಾದು ಒಂದೊಂದು ಎಳೆಯನ್ನೂ ತೋರಿಸಿತು. ಯಾವ ಮಗ್ಗದಲ್ಲೂ ಅವಳು ಅಂಥ ನೇಯ್ಗೆ ಕಂಡವಳಲ್ಲ. ತಾನು ಬಿಚ್ಚಿಟ್ಟ ಹಳೆಯ ತೊಗಲಿನ ಮೇಲೇ ನಿಂತು ಆ ಪುಟ್ಟ ಜೀವ ಒಂದು ಗಳಿಗೆ ತೇಲಿ, ಹಾರಿಹೋಯಿತು.

ಅಕ್ಕನ ಎರಡು ಕೈಯೂ ತಾನಾಗಿ ಮುಗಿದುಕೊಂಡವು. ಯಾರಿಗೆ ಮುಗಿದದ್ದೆಂದು ಕೇಳಿದರೆ ಅವಳು ಹೇಳಲಾರಳು.

ಇನ್ನೊಂದು ಎದ್ದಿತು. ಅದರ ಪಕ್ಕ ಮತ್ತೊಂದು. ಹೊಳೆಯ ಮೇಲೆಲ್ಲ ಹೀಗೇ ನಡೆಯುತ್ತಿದೆ ಎಂದು ತಿಳಿಯಲು ಅವಳಿಗೆ ಕಣ್ಣು ಬೇಕಾಗಲಿಲ್ಲ. ಮುಖಕ್ಕೆ, ಕೊರಳಿಗೆ, ಕೂದಲಿಗೆ ಬಂದು ತಾಗುತ್ತಿದ್ದವು. ಸುತ್ತ ಯಾರೋ ರೇಷ್ಮೆ ಬಿಚ್ಚುತ್ತಿರುವಂಥ ಸದ್ದು. ಮೀನುಗಳು ಪಟ್ ಪಟ್ಟೆಂದು ಮೇಲೇಳುತ್ತಿದ್ದವು.

ತಮ್ಮ ಅಷ್ಟರಲ್ಲಿ ದಾರ ಬೀಸತೊಡಗಿದ್ದ. ಅವನ ಸುಳ್ಳುಹುಳ ಮೀನಿನ ಮೂತಿಯ ಮುಂದೆಯೇ ಇಳಿಯುತ್ತಿತ್ತು. ಮೀನು ಅದರ ಈಚೆಗೊಂದು ಆಚೆಗೊಂದು ಹುಳ ನುಂಗುತ್ತಿತ್ತು, ಅದನ್ನು ಮಾತ್ರ ಮುಟ್ಟುತ್ತಿರಲಿಲ್ಲ.

"ನೋಡಿದ್ಯಾ, ಆಟ ಆಡ್ತಾವೆ" ಎಂದ.

"ಆಟ ಅಲ್ವೋ, ಉಣ್ತಾ ಇದಾವೆ" ಎಂದಳು ಅಕ್ಕ, ಕಾಜಾದಷ್ಟು ನೋಟವನ್ನು ಅತ್ತ ಹೊರಳಿಸಿ. "ನಿನ್ನದನ್ನ ಬಿಟ್ಟು ಉಣ್ತಾ ಇದಾವೆ. ಇಲ್ಲಿ ತಾ ಆ ಗಾಳ."

ಅವನು ದಾರ ಎಳೆದು ಸುಳ್ಳುಹುಳವನ್ನು ಅವಳ ಅಂಗೈಯಲ್ಲಿಟ್ಟ. ಅವಳದೇ ಕೈಕೆಲಸ. ರೆಕ್ಕೆ ಅತ್ತಿತ್ತ ಚಾಚಿ ಚಪ್ಪಟೆಯಾಗಿ ಮಲಗಿತ್ತು. ಅಕ್ಕ ಅದನ್ನು ನೋಡಿದಳು, ತನ್ನ ಮೊಣಕೈ ಮೇಲೆ ಕೂತ ಜೀವಂತ ಹುಳವನ್ನು ನೋಡಿದಳು. ನಗು ಬಂದುಬಿಟ್ಟಿತು.

"ನೀನು ಅವತ್ತು ಹೆಣ ತಂದುಕೊಟ್ಟೆಯಲ್ಲೋ, ಪುಣ್ಯಾತ್ಮ!"

"ಯಾವ ಹೆಣ?"

"ಬೆಂಕಿಪೊಟ್ಟಣದ್ದು. ಸತ್ತ ಮೇಲೆ ರೆಕ್ಕೆ ಬಿದ್ದಿತ್ತು. ನಾನು ಮೈ ನೋಡದೆ ಅಳತೆ ಅಂಗಿ ನಂಬಿದೆ. ಇಷ್ಟು ವರ್ಷ ಮೀನಿಗೆ ಹೆಣ ಬಡಿಸಿದ್ದೀವಿ ಕಣೋ ನಾವು!"

ತಮ್ಮ ಬಾಯಿ ತೆರೆದ. ಅದರಿಂದ ಏನೂ ಬರಲಿಲ್ಲ. ಬೀದಿಯವರು ನೋಡಬೇಕಿತ್ತು.

"ಖಾಲಿ ಗಾಳ ಇದೆಯಾ? ಬೇಗ. ಬೆಳಕಿದೆ ಇನ್ನೂ."

ರವಿಕೆಯ ಅಂಚಿಗೆ ಚುಚ್ಚಿಕೊಂಡ ಸೂಜಿ, ಸೂಜಿಗೆ ಸುತ್ತಿದ ಕಂದು ನೂಲು ಯಾವಾಗಲೂ ಅವಳ ಮೈಮೇಲೇ ಇರುತ್ತಿದ್ದವು. ಪುಕ್ಕಕ್ಕೆ ಬಂಡೆಯ ಸಂದಿಯಲ್ಲಿ ನೀರುಹಕ್ಕಿಯೊಂದು ಉದುರಿಸಿಹೋದ ಬೂದು ಗರಿ ಸಿಕ್ಕಿತು. ಗಾಳವನ್ನು ಮೂಗಿನ ತುದಿಗೆ ಹಿಡಿದು ಮೈ ಸುತ್ತಿದಳು. ರೆಕ್ಕೆ ಕಟ್ಟಿದಳು. ಅದು ಹಳೆಯ ಚಾಳಿಯಂತೆ ಪಕ್ಕಕ್ಕೆ ಮಲಗಿತು. ನಿಲ್ಲಿಸಿದಳು, ಮತ್ತೆ ಮಲಗಿತು. ಬೂದು ಆಕಾಶ ಇನ್ನಷ್ಟು ಬೂದಾಗುತ್ತಿತ್ತು. ಅವಳ ಕಾಜಾದ ಸುತ್ತ ಯಾರೋ ಇನ್ನೊಂದು ಸುತ್ತು ಹೊಲಿಗೆ ಹಾಕುತ್ತಿರುವಂತಿತ್ತು.

"ನಾಳೆ ಮಾಡಿದ್ರಾಯ್ತು ಬಿಡಕ್ಕಾ" ಎಂದ ತಮ್ಮ ಮೆತ್ತಗೆ.

"ಸುಮ್ನಿರು."

ದಪ್ಪ ಕೋಟಿಗೆ ಗುಂಡಿ ಹಾಕುವಾಗ ಗುಂಡಿ ಬಟ್ಟೆಗೆ ಅಂಟಿ ಕೂರಬಾರದು. ಅದಕ್ಕೆ ಕೆಳಗಿನ ನೂಲಿಗೇ ನೂಲು ಸುತ್ತಿ ಸಣ್ಣದೊಂದು ಕೊರಳು ಮಾಡುತ್ತಾರೆ. ಆಗ ಗುಂಡಿ ತಲೆಯೆತ್ತಿ ನಿಲ್ಲುತ್ತದೆ. ಅವಳ ಬೆರಳಿಗೆ ಅದು ಉಸಿರಾಟದಷ್ಟೇ ರೂಢಿ. ರೆಕ್ಕೆಯ ಬುಡಕ್ಕೆ ಅದೇ ಕೊರಳು ಸುತ್ತಿದಳು, ಬಿಗಿದಳು, ನೂಲನ್ನು ಹಲ್ಲಿನಿಂದ ಕಡಿದಳು. ಅಂಗೈಯಲ್ಲಿಟ್ಟು ನೋಡಿದಳು. ರೆಕ್ಕೆ ನಿಂತಿತ್ತು.

ತಮ್ಮ ಅದನ್ನು ದಾರಕ್ಕೆ ಕಟ್ಟಿ ಒಂದೇ ಸಲ ಬೀಸಿದ. ಅಷ್ಟು ಸಾವಿರ ನಿಜದ ಹುಳಗಳ ನಡುವೆ ಆ ಒಂದು ಸುಳ್ಳು ತೇಲಿಹೋಯಿತು. ಎಲ್ಲಿದೆಯೆಂದು ಅಕ್ಕನಿಗೆ ಕಾಣಲಿಲ್ಲ. ಅವಳು ತಮ್ಮನ ಬೆನ್ನಿನ ಅಂಗಿ ಹಿಡಿದು ನಿಂತಳು. ಆ ಬೆನ್ನು ಬಿಗಿಯಾಯಿತು. ನೀರು ಸೀಳಿದ ಸದ್ದು. ಕೋಲು ಬಾಗಿತು, ದಾರ ಸುಯ್ಯೆಂದಿತು.

"ಹಿಡಿ, ನೀನೇ ಹಿಡಿ ಅಕ್ಕಾ!"

ಕೋಲನ್ನು ಅವಳ ಕೈಗೆ ತುರುಕಿಯೇ ಬಿಟ್ಟ. ಅದರೊಳಗೆ ಒಂದು ಜೀವ ಜಗ್ಗುತ್ತಿತ್ತು. ತಾನು ಈಗ ತಾನೇ ಸುತ್ತಿದ ನೂಲಿನ ಆ ಕೊನೆಯಲ್ಲಿ ಹೊಳೆಯೇ ಕೈಕುಲುಕುತ್ತಿರುವಂತೆ. ಇಬ್ಬರೂ ಸೇರಿ ಎಳೆದು, ಬಿಟ್ಟು, ಮತ್ತೆ ಎಳೆದು ದಂಡೆಗೆ ತಂದಾಗ ತಮ್ಮ ನೀರಿನಲ್ಲೇ ನಿಂತು ಮೀನನ್ನು ಅವಳ ಕಣ್ಣಿನ ನೇರಕ್ಕೆ ಎತ್ತಿ ಹಿಡಿದ. ಮೈತುಂಬ ಚುಕ್ಕೆ. ಒಂದೊಂದು ಚುಕ್ಕೆಯ ಸುತ್ತ ಸಣ್ಣ ಬಿಳಿ ಉಂಗುರ. ಬಾಯಿಯ ತುದಿಯಲ್ಲಿ ಬೂದು ರೆಕ್ಕೆ.

"ಬಿಡು ಅದನ್ನ" ಎಂದಳು. "ನೋಡಿಯಾಯ್ತು."

ಮೀನು ನೀರಿಗೆ ಜಾರಿತು. ಬೆಳಕೂ ಅದರ ಹಿಂದೆಯೇ ಜಾರಿದ ಹಾಗೆ ಅಕ್ಕನಿಗೆ ಎಲ್ಲ ಮಸುಕಾಯಿತು. ಅವಳು ಬಂಡೆಯ ಮೇಲೆ ಕೂತು ಅಂಗೈ ಚಾಚಿದಳು. ಈಗ, ಹಿಂದಿನ ದಿನ ಮಳೆ ನಿಂತ ಮೇಲೆ ಇವರು ಮನೆ ಸೇರಿದ್ದ ಹೊತ್ತಿನಲ್ಲಿ ಎದ್ದಿದ್ದ ಹುಳಗಳು ಮೊಟ್ಟೆಯಿಟ್ಟು, ಬಾಳು ಮುಗಿಸಿ, ನೀರಿಗೆ ಉದುರುವ ಹೊತ್ತು. ಒಂದು ಅಂಗೈಯಲ್ಲಿ ಬಿತ್ತು. ಬೆರಳಿನಿಂದ ಸವರಿದಳು. ರೆಕ್ಕೆ ಅತ್ತಿತ್ತ ಚಾಚಿ ಮಲಗಿತ್ತು.

"ಇದು ನಂದು" ಎಂದಳು. "ನಮ್ಮ ಹಳೇದು. ಅದೂ ಸುಳ್ಳಲ್ಲ ಬಿಡು. ಕೊನೇ ಹೊತ್ತಿನದು. ಅದಕ್ಕೇ ಕತ್ತಲು ಕವಿಯೋವಾಗ ಮೀನು ಅದನ್ನ ಹಿಡೀತಿತ್ತು."

ತಮ್ಮ ಪಕ್ಕದಲ್ಲಿ ಬಂದು ಕೂತ. ಗಾಳದ ದಾರ ಸುತ್ತಿಟ್ಟ. ಆಮೇಲೆ, "ಆಟ ಆದ ಮೇಲೇ ಊಟ ಅಂತ ಊರಿಗೆಲ್ಲ ಹೇಳಿಬಿಟ್ಟಿದ್ದೀನಲ್ಲಕ್ಕಾ. ಈಗೇನು ಹೇಳ್ಲಿ?"

"ಬಾಯಿಗೊಂದು ಬೀಗ ಹಾಕ್ಕೋ. ಹೇಗೂ ನಿನ್ನ ಅಂಗಡೀಲೇ ಇದೆ."

ಇಬ್ಬರೂ ನಕ್ಕರು. ಹೊರಡಲು ಎದ್ದಾಗ ಅಕ್ಕ ಅವನ ಹೆಗಲು ಹುಡುಕಿ ಹಿಡಿದಳು.

"ಮುಂದಿನ ವರ್ಷಾನೂ ಕರ್ಕೊಂಡು ಬಾ."

ತಮ್ಮ ಹೆಜ್ಜೆ ಎತ್ತಲಿಲ್ಲ. ಅವನು ಕೇಳಲಾಗದ್ದು ಅವನ ಹೆಗಲಿನಿಂದ ಅವಳ ಕೈಗೆ ತಿಳಿಯಿತು.

"ಕಾಣದಿದ್ರೆ ಕಾಣದಿರಲಿ ಬಿಡೋ" ಎಂದಳು. "ಮುಖದ ಮೇಲೇ ಬಂದು ಕೂತ್ಕೋತಾವಲ್ಲ. ಒಂದು ಸಲ ನೋಡಿದ್ದೀನಿ. ಸಾಕು, ಯಾವುದು ನಿಂತಿದೆ ಯಾವುದು ಮಲಗಿದೆ ಅಂತ ನಾನೇ ಹೇಳ್ತೀನಿ."

ಇಳಿಜಾರು ಹತ್ತುವಾಗ ಅವಳ ಸೆರಗಿನ ಮೇಲೆ, ಕೂದಲ ಮೇಲೆ ಹುಳಗಳು ರೆಕ್ಕೆ ನಿಲ್ಲಿಸಿ ಕೂತಿದ್ದವು. ಕೊಡವೋಣವೇ ಎಂದು ತಮ್ಮ ಕೇಳಿದ. ಬೇಡವೆಂದಳು. ಅಲುಗಿದರೆ ಹಾರಿಹೋದಾವೆಂದು ಮೆಲ್ಲಗೆ, ತಲೆಯ ಮೇಲೆ ತುಂಬಿದ ಕೊಡವಿದೆಯೇನೋ ಎಂಬ ಹಾಗೆ ನಡೆದಳು.