ಎತ್ತಿನ ನೆಂಟರು

ರಮಾನಾಥರ ನಡಿಗೆಯನ್ನು ನಂಬುವಂತಿರಲಿಲ್ಲ. ಹೋಬೋಕನ್ನಿನ ಜನವೆಲ್ಲ ಮ್ಯಾನ್‌ಹ್ಯಾಟನ್ನಿಗೆ ಹೋಗುವ ಫೆರಿದೋಣಿ ತಪ್ಪೀತೆಂದು ಓಡುವ ಹೊತ್ತಿನಲ್ಲಿ, ತಲೆಗೊಂದು ಶಬ್ದ ಹೊಕ್ಕರೆ ಸಾಕು, ಈ ಉಡುಪಿ ಕಡೆಯ ಮಹಾಶಯರು ರಸ್ತೆಯ ನಟ್ಟನಡುವೆ ನಿಂತು, ಮೊಣಕೈ ಸವೆದ ಕಂದು ಕೋಟಿನ ಗುಂಡಿಯನ್ನು ತಿರುಚುತ್ತ, ಕಾರುಗಳ ಹಾರ್ನಿಗೆ ಕಿವುಡಾಗಿ, ಆ ಶಬ್ದದ ಕುಲಗೋತ್ರ ವಿಚಾರಿಸುತ್ತಿದ್ದರು. ಮ್ಯಾನ್‌ಹ್ಯಾಟನ್ನಿನ ವಿಮಾ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆ. ಮನಸ್ಸು ಮಾತ್ರ ಸದಾ ನಿಘಂಟಿನಲ್ಲಿ.

2008ರ ಚಳಿಗಾಲದಲ್ಲಿ ಅವರನ್ನು ಹಿಡಿದದ್ದು ಎತ್ತು. ವೇಲ್ಸಿನ ಭಾಷೆಯಲ್ಲಿ ಎತ್ತಿಗೆ ‘ಈಖ್’ ಎನ್ನುತ್ತಾರಂತೆ. ಅದು ಇಂಗ್ಲಿಷಿನ ‘ಆಕ್ಸ್’ಗೆ ಒಡಹುಟ್ಟು, ಸಂಸ್ಕೃತದ ‘ಉಕ್ಷ’ಕ್ಕೆ ರಕ್ತಸಂಬಂಧಿ, ಮಧ್ಯ ಏಷ್ಯಾದ ಮರಳಿನಲ್ಲಿ ಹೂತುಹೋದ ತೊಖಾರಿ ಭಾಷೆಯಲ್ಲೂ ಅದರ ದಾಯಾದಿಯೊಂದು ಸಿಕ್ಕಿದೆ.

“ನೋಡಿ ಮಾರಾಯ್ರೆ, ಎಷ್ಟು ಸಾವಿರ ವರ್ಷ ದೂರ ಇದ್ರೂ ಮುಖದ ಹೋಲಿಕೆ ಹೋಗ್ಲಿಲ್ಲ,” ಎಂದು ಫೆರಿಯಲ್ಲಿ ದಿನವೂ ಜೊತೆಗೆ ಹೋಗುವ ನನ್ನ ತೋಳು ಹಿಡಿದು ಹೇಳುವಾಗ ಅವರ ಕಣ್ಣು ತುಂಬಿರುತ್ತಿತ್ತು.

ಅದೇ ಚಳಿಗಾಲದಲ್ಲಿ, ಕಾರಿನಲ್ಲಿ ಒಂದು ಗಂಟೆ ದೂರದ ಮನ್ರೋದಲ್ಲಿದ್ದ ಅವರ ಅಕ್ಕ ಸ್ವರ್ಣಲತಾರ ಗಂಡನಿಗೆ ಕೆಲಸ ಹೋಯಿತು. ರಮಾನಾಥರ ಕಂಪನಿಯಲ್ಲಿ ಒಂದು ಜಾಗ ಖಾಲಿಯಿತ್ತು. ಮೇಲಿನವರಿಗೊಂದು ಮಾತು ಹೇಳು ಎಂದು ಅಕ್ಕ ಕೇಳಿಕೊಂಡರು. ತಮ್ಮ ಹೇಳಲಿಲ್ಲ. ದಿನಬೆಳಗಾದರೆ ಜನರನ್ನು ಮನೆಗೆ ಕಳಿಸುತ್ತಿರುವ ಕಾಲದಲ್ಲಿ ಭಾವನ ಹೆಸರೆತ್ತಲು ಸಂಕೋಚವಾಯಿತಂತೆ. ಆ ಸಂಕೋಚವನ್ನಾದರೂ ಅಕ್ಕನಿಗೆ ಹೋಗಿ ಹೇಳಬಹುದಿತ್ತು; ಅದೂ ಆಗಲಿಲ್ಲ. ಅಕ್ಕ ಫೋನ್ ಮಾಡುವುದನ್ನು ಬಿಟ್ಟರು.

ಬೇಸಗೆಗೆ ಮನೆ ಬ್ಯಾಂಕಿನ ಪಾಲಾಗಿ, ಅಕ್ಕ ಭಾವ ಊರಿಗೆ ಹೊರಟುನಿಂತಾಗ, ತಪ್ಪಾಯಿತೆಂದು ಹೇಳಿಯೇ ಬರುತ್ತೇನೆಂದು ರಮಾನಾಥರು ನನ್ನ ಕಾರು ಹತ್ತಿದರು. ಸ್ವರ್ಣಲತಾ ಪೆಟ್ಟಿಗೆಗಳಿಗೆ ಟೇಪ್ ಅಂಟಿಸುತ್ತಿದ್ದರು. ರಮಾನಾಥರು ಎದುರು ನಿಂತು, ಗಂಟಲು ಸರಿಮಾಡಿಕೊಂಡು, ವೇಲ್ಸಿನ ಎತ್ತಿನ ಕಥೆ ಶುರುಮಾಡಿದರು. ನಾನು ಮುಖ ಬೇರೆಡೆ ತಿರುಗಿಸಿಕೊಂಡೆ. ಅಕ್ಕ ಮಾತ್ರ ಕೆಲಸ ನಿಲ್ಲಿಸಿ ಪೂರ್ತಿ ಕೇಳಿದರು.

“ಎತ್ತಿನ ನೆಂಟರೆಲ್ಲ ಸಿಕ್ಕಿದ್ರಲ್ಲ ರಾಮು,” ಎಂದರು. “ಭಾವ ಮೇಲೆ ಇದ್ದಾರೆ. ಅವ್ರನ್ನೊಮ್ಮೆ ಮಾತಾಡ್ಸು.”

ರಮಾನಾಥರು ಮೆಟ್ಟಿಲ ತನಕ ಹೋದರು, ಹತ್ತಲಿಲ್ಲ.

ಇಂಥವರನ್ನು ಕಲ್ಲೆದೆಯವರೆಂದು ಜನ ಬೈಯುತ್ತಾರೆ. ನಾನು ಒಪ್ಪಲಾರೆ. ಪ್ರೀತಿ ಅವರಲ್ಲಿ ಬೇಕಾದಷ್ಟಿರುತ್ತದೆ. ಆದರೆ ತಮ್ಮಿಂದ ಎಂದೂ ಏನನ್ನೂ ಬೇಡದ ನೆಂಟರನ್ನು ಅಪ್ಪಿಕೊಳ್ಳುವುದಷ್ಟೇ ಅವರಿಗೆ ಬರುತ್ತದೆ. ಮೇಲಿನ ಕೋಣೆಯಲ್ಲಿ ಕೂತು, ಕೆಳಗಿನ ದನಿಗೆ ಕಿವಿಗೊಟ್ಟು ಕಾಯುತ್ತಿರುವ ನೆಂಟನ ಮುಂದೆ ಅವರ ನಾಲಗೆ ಏಳುವುದಿಲ್ಲ.